ಹಾಸಿಗೆಯ ಹೊಟ್ಟೆ

ಹಾಸಿಗೆ ಬಂದ ಮೂರನೇ ವಾರಕ್ಕೆ ಕೋಣೆಯಲ್ಲಿ ನಾತ ಶುರುವಾಯಿತು. ಮೊದಮೊದಲು ಒದ್ದೆ ಬಟ್ಟೆ ಮುಗ್ಗಿದಂತಿದ್ದದ್ದು ಬರಬರುತ್ತ ಕೀವುಗಟ್ಟಿದ ಗಾಯದ ವಾಸನೆಯಾಯಿತು. ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ ಅತ್ತೆಗೆಂದೇ ತಂದ ಹಾಸಿಗೆ ಅದು. ಹೊಚ್ಚಹೊಸದು ಎಂದು ಅಂಗಡಿಯವನು ಆಣೆ ಪ್ರಮಾಣ ಮಾಡಿ ಕೊಟ್ಟಿದ್ದ. ಹಾಗಾಗಿ ಹಾಸಿಗೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮಲಗಿದವರ ಮೇಲೆ ಬಂತು.

ಸೊಸೆ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದವರು ಮೂಗು ಸಿಂಡರಿಸಿ ಒಳಕೋಣೆಯ ಕಡೆ ನೋಡಿದಾಗೆಲ್ಲ ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು. ಅತ್ತೆಯ ಮೈಯನ್ನು ದಿನಕ್ಕೆ ಎರಡು ಸಲ ಒರಟು ಬಟ್ಟೆಯಿಂದ ಉಜ್ಜಿದಳು, ನೆಲಕ್ಕೆ ಫಿನಾಯಿಲ್ ಸುರಿದಳು. ಬಸ್ ಓಡಿಸುವ ಗಂಡ ಕೆಲಸ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು, ಊಟ ಆಯಿತಾ ಎಂದು ತಾಯಿಯನ್ನು ಕೇಳಿ ಜಾರಿಕೊಳ್ಳುತ್ತಿದ್ದ. ವಾಸನೆ ನನ್ನದಲ್ಲ, ಹಾಸಿಗೆಯದು ಎಂದು ಅತ್ತೆ ನಾಲ್ಕೈದು ಸಲ ಹೇಳಿ ನೋಡಿದರು. ಯಾರೂ ಕಿವಿಗೆ ಹಾಕಿಕೊಳ್ಳದಾಗ ಸುಮ್ಮನಾದರು. ಆಮೇಲೆ ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಊಟ ಎರಡು ತುತ್ತಿಗೆ ಇಳಿಯಿತು. ಕೇಳಿದರೆ ಹಸಿವಿಲ್ಲ ಎನ್ನುವರು.

ಎರಡು ತಿಂಗಳಾಗುತ್ತಿತ್ತು. ಒಂದು ಬೆಳಿಗ್ಗೆ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಹಾಸುಬಟ್ಟೆ ತೆಗೆದ ಸೊಸೆಗೆ ಹಾಸಿಗೆಯ ಮೇಲೆ ಅಂಗೈಯಗಲದ ಕಂದು ಕಲೆ ಕಂಡಿತು. ಹಾಸುಬಟ್ಟೆಯ ಮೇಲುಭಾಗ ಚೊಕ್ಕಟವಾಗಿತ್ತು. ಕಲೆ ಕೆಳಗಿನಿಂದ ಮೇಲಕ್ಕೆ ಒಸರಿತ್ತು. ಬಗ್ಗಿ ನೋಡಿದಳು. ಅಂಚಿನ ಪಟ್ಟಿಯಲ್ಲಿ ಎರಡು ಸಾಲು ಸೂಜಿತೂತುಗಳು. ಒಂದು ಸಾಲಿನಲ್ಲಿ ದಾರವಿತ್ತು, ಇನ್ನೊಂದು ಖಾಲಿ. ಹೊಲಿಗೆ ಬಿಚ್ಚಿ ಮತ್ತೆ ಹೊಲಿದರೆ ಹಳೆಯ ತೂತು ಉಳಿಯುತ್ತದೆ ಎಂಬುದು ಅವಳ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಗಂಡನನ್ನು ಕರೆದು ಅತ್ತೆಯನ್ನು ಬೇರೆ ಮಂಚಕ್ಕೆ ಸಾಗಿಸಿ, ಕತ್ತರಿ ತಂದು ಅಂಚು ಸೀಳಿದಳು. ಹೂವಿನ ಬಟ್ಟೆಯ ಕೆಳಗೆ ಇನ್ನೊಂದು ಬಟ್ಟೆ. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು, ಈಗ ತುಂಬ ಕಲೆಗಳೇ. ಅದನ್ನೂ ಸೀಳಿದಾಗ ಹಾಸಿಗೆಯ ಹೊಟ್ಟೆಯಿಂದ ಬೆಚ್ಚನೆಯ ಗಬ್ಬು ಮುಖಕ್ಕೆ ಹೊಡೆಯಿತು. ಅಂಟಂಟು ಸ್ಪಂಜಿನ ಚೂರುಗಳು, ಕೂದಲಿನ ಸಿಂಬೆಗಳು, ಹಳದಿ ಕೀವು ಒಣಗಿ ಗಟ್ಟಿಯಾದ ಗಾಯದ ಪಟ್ಟಿಗಳು. ಅಂಟುಪಟ್ಟಿಯೊಂದರ ಮೇಲೆ ಯಾರದೋ ಕೈಬರಹದಲ್ಲಿ ವಾರ್ಡಿನ ನಂಬರು. ಬಚ್ಚಲಿಗೆ ಓಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು. ಬಾಯಿ ತೊಳೆಯುವಾಗ ಕಣ್ಣು ತನ್ನ ಕೈಗಳ ಮೇಲೆ ಬಿತ್ತು. ಆ ಮುದಿ ಚರ್ಮವನ್ನು ಕೆಂಪಾಗುವಷ್ಟು ಉಜ್ಜಿದ ಕೈಗಳು. ಅವನ್ನು ನೋಡಿಯೂ ಅಸಹ್ಯವಾಯಿತು.

ಅಂಗಡಿಗೆ ಹೋದರೆ ಅಂಗಡಿಯವನು ಕುರ್ಚಿ ಬಿಟ್ಟು ಏಳಲಿಲ್ಲ.

"ವಯಸ್ಸಾದವರು ಮಲಗಿದ ಹಾಸಿಗೆ ನಾರದೆ ಇನ್ನೇನಮ್ಮ? ಅದೂ ಅಲ್ಲದೆ ಕತ್ತರಿ ಬೇರೆ ಹಾಕಿದ್ದೀರಿ."

ಅದೇ ಮಾತನ್ನು ಅವಳೂ ಮನೆಯಲ್ಲಿ ಆಡಿದ್ದಳು.

ಗ್ರಾಹಕರ ದೂರು ಕಚೇರಿಯ ಗುಮಾಸ್ತೆ ಮಾತ್ರ ಎಲ್ಲವನ್ನೂ ಕೂತು ಕೇಳಿಸಿಕೊಂಡಳು. ಹಾಸಿಗೆಯನ್ನು ಎಸೆಯಬೇಡಿ, ಸುಡಬೇಡಿ ಎಂದಳು. ಒಂದೊಂದನ್ನೂ ಬಿಲ್ಲಿನ ಜೊತೆ, ತಾರೀಖು ಕಾಣುವಂತೆ ಫೋಟೋ ತೆಗೆಯಬೇಕು. ಅಂಗಡಿಯವನು ಏನು ಮಾತಾಡಿದರೂ ಮೊದಲಿನಿಂದ ಕೊನೆಯವರೆಗೆ ರೆಕಾರ್ಡ್ ಮಾಡಬೇಕು, ಎಲ್ಲೂ ತುಂಡು ಮಾಡಬಾರದು.

ಮರುದಿನ ಗಂಡಹೆಂಡತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತರು. ಕೂದಲಿನ ಪಕ್ಕ ಅಳತೆ ಟೇಪು ಇಟ್ಟು ಒಂದು ಫೋಟೋ, ಕೀವಿನ ಪಟ್ಟಿಯ ಪಕ್ಕ ಇಟ್ಟು ಇನ್ನೊಂದು, ಸೂಜಿತೂತಿನ ಸಾಲುಗಳದು ಮೂರು. ಬಿಲ್ಲು ಹಿಡಿದಿದ್ದ ಗಂಡ ಮುಖ ತಿರುಗಿಸುತ್ತಿದ್ದ. ಸಾಕು, ಸುಟ್ಟುಬಿಡೋಣ ಎಂದ.

"ನಿಮ್ಮಮ್ಮ ಇದರ ಮೇಲೆ ಎರಡು ತಿಂಗಳು ಮಲಗಿದ್ರು. ನೀವು ಎರಡು ನಿಮಿಷ ನೆಟ್ಟಗೆ ಹಿಡ್ಕೊಳ್ಳಿ" ಎಂದಳು.

ದೂರಿನ ನೋಟೀಸು ತಲುಪಿದ ಮೇಲೆ ಅಂಗಡಿಯವನು ತಾನೇ ಮನೆಗೆ ಬಂದ. ಬಾಗಿಲು ತೆಗೆಯುವ ಮೊದಲೇ ಅವಳು ಫೋನಿನ ರೆಕಾರ್ಡರ್ ಒತ್ತಿ, ಮಿಷನ್ನಿನ ಮೇಲಿದ್ದ ಅರ್ಧ ಹೊಲಿದ ರವಿಕೆ ತೋಳಿನ ಅಡಿಯಲ್ಲಿ ಫೋನು ಇಟ್ಟಳು. ಅವನ ಬಾಯಲ್ಲಿ ಈ ಸಲ ಬೆಣ್ಣೆ. ಬೇರೆ ಹಾಸಿಗೆ ಕೊಡುತ್ತೇನೆ, ದೂರು ವಾಪಸ್ಸು ತೆಗೆದುಕೊಳ್ಳಿ ಎಂದ. ಒಳಗೆ ಏನು ತುಂಬಿದ್ದಿರಿ ಎಂದು ಅವಳು ಮೆತ್ತಗೆ ಕೇಳಿದಳು.

"ಆಸ್ಪತ್ರೆಯವರು ಹಳೇದು ಮಾರ್ತಾರೆ. ಬಿಸಿಲಿಗೆ ಹಾಕಿ ಹೊಸ ಬಟ್ಟೆ ಹೊಲಿಸ್ತೀವಿ, ಈ ವ್ಯಾಪಾರದಲ್ಲಿ ಎಲ್ಲರೂ ಮಾಡೋದೇ. ಅದರಿಂದ ಯಾರೂ ಸತ್ತಿಲ್ಲವಲ್ಲ. ನಿಮ್ಮತ್ತೆಗಾದರೂ ಇನ್ನೆಷ್ಟು ದಿನಕ್ಕೆ ಹಾಸಿಗೆ ಬೇಕು ಹೇಳಿ" ಎಂದು ನಕ್ಕ. ಬಾಗಿಲು ತೆರೆದೇ ಇದ್ದ ಒಳಕೋಣೆಯಲ್ಲಿ ಅತ್ತೆ ಮಲಗಿದ್ದರು.

ಅವನು ಹೋದ ಮೇಲೆ, ಅವನು ಕಾಫಿ ಕುಡಿದಿಟ್ಟ ಲೋಟವನ್ನು ಅವಳು ಮೂರು ಸಲ ತಿಕ್ಕಿದಳು.

ಇಷ್ಟಾದರೂ ಗುಮಾಸ್ತೆಗೆ ಒಂದು ಅಳುಕಿತ್ತು. ಹಳೇದು ಮಾರುವುದು ನಿಜ, ಆದರೆ ಇವರಿಗೆ ಕೊಟ್ಟದ್ದು ಹೊಸದೇ, ಕೊಳಕನ್ನು ಇವರೇ ತುಂಬಿದರು ಎಂದು ಅವನ ವಕೀಲ ವಾದಿಸಬಹುದು. ನಾತ ಹಾಸಿಗೆ ಸೀಳುವ ಮೊದಲೇ ಇತ್ತು ಎನ್ನಲು ಹಳೆಯ ತಾರೀಖಿನದು ಏನಾದರೂ ಇದೆಯೇ ಎಂದು ಕೇಳಿದಳು. ಸೊಸೆ ಮನೆಗೆ ಬಂದು ಫೋನು ಜಾಲಾಡಿದಳು. ಗಂಡನಿಗೆ ಕಳಿಸಿದ್ದ ಧ್ವನಿಸಂದೇಶವೊಂದು ಸಿಕ್ಕಿತು. ಹಾಸಿಗೆ ಬಂದ ಇಪ್ಪತ್ತೆರಡನೆಯ ದಿನದ್ದು. ಒತ್ತಿದಳು.

"ನಿಮ್ಮಮ್ಮನ ಗಬ್ಬು ನನ್ನ ಕೈಲಿ ತಡೆಯಕ್ಕಾಗ್ತಿಲ್ಲ. ಎಷ್ಟು ತೊಳೆದರೂ ಅಷ್ಟೇ. ನಾಳೆ ನೀವೇ ರಜೆ ಹಾಕಿ ತೊಳೀರಿ."

ಅವಳದೇ ದನಿ, ಆದರೆ ಬೀದಿಜಗಳದವಳ ದನಿಯಂತೆ ಕೇಳಿತು. ಅದರ ಹಿಂದೆ, ದೂರದಿಂದ, ಅತ್ತೆಯ ಸಣ್ಣ ದನಿ: "ನಾನಲ್ಲಮ್ಮ. ಹಾಸಿಗೆ. ಒಂದು ಸಲ ಬಗ್ಗಿ ನೋಡು."

ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇರಲಿಲ್ಲ. ಅಳಿಸಿಬಿಡಲು ಬೆರಳು ಎರಡು ಸಲ ಹೋಯಿತು. ಅಂಗಡಿಯವನನ್ನು ಇಷ್ಟು ದಿನ ಶಪಿಸಿದ್ದ ಬಾಯಿಂದಲೇ ಈ ಮಾತೂ ಬಂದಿತ್ತಲ್ಲ ಎಂದು ಮೈ ಮುದುಡಿತು. ಕೊನೆಗೆ ಅತ್ತೆಯ ಮಂಚದ ಪಕ್ಕ ಕೂತು, ತಾನೇ ಅದನ್ನು ಕೇಳಿಸಿದಳು. ಮುಗಿದ ಮೇಲೆ ತಲೆಯೆತ್ತಲಿಲ್ಲ.

"ಅವತ್ತೇ ಕೇಳಿಸಿಕೊಂಡಿದ್ದೆ ಬಿಡು. ಸೊಂಟ ಮುರಿದಿತ್ತೇ ಹೊರತು ಕಿವಿ ನೆಟ್ಟಗಿತ್ತು" ಎಂದರು ಅತ್ತೆ.

"ವಿಚಾರಣೆಯಲ್ಲಿ ಇದನ್ನ ಎಲ್ಲರೆದುರು ಹಾಕ್ತಾರೆ ಅತ್ತೆ."

"ಹಾಕಲಿ. ನಿನಗೆ ನಾಚಿಕೆ ಆಗುತ್ತೆ, ಆಗಲಿ. ನನಗೂ ಒಂದೂವರೆ ತಿಂಗಳು ಆಗಿತ್ತು."

ವಿಚಾರಣೆಯ ದಿನ ಅತ್ತೆ ಗಾಲಿಕುರ್ಚಿಯಲ್ಲಿ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ತಂದ ಹಿಡಿಯಷ್ಟು ಹಾಸಿಗೆಯ ಹೂರಣ ಬಿಚ್ಚುತ್ತಲೇ ಮೇಜಿನಾಚೆ ತೀರ್ಪು ಹೇಳಲು ಕೂತಿದ್ದ ಅಧ್ಯಕ್ಷೆ ಮತ್ತು ಇಬ್ಬರು ಸದಸ್ಯರು ಮೂಗು ಮುಚ್ಚಿ ಕುರ್ಚಿ ಹಿಂದಕ್ಕೆ ತಳ್ಳಿಕೊಂಡರು. ಅಂಗಡಿಯವನ ನಗೆಯನ್ನು ಕೇಳಿಸಲಾಯಿತು. ಆಮೇಲೆ ಸೊಸೆಯ ದನಿ ಕೋಣೆಯ ಮೂಲೆಮೂಲೆಗೂ ಕೇಳಿತು. ಹಿಂದಿನ ಬೆಂಚಿನಲ್ಲಿ ಯಾರೋ ಲೊಚಗುಟ್ಟಿದರು. ಸಂದೇಶದಲ್ಲಿ ಹಿಂದಿನಿಂದ ಕೇಳುವ ಇನ್ನೊಂದು ದನಿ ಯಾರದು ಎಂದು ಅಧ್ಯಕ್ಷೆ ಕೇಳಿದಾಗ ಅತ್ತೆ ಕೈ ಎತ್ತಿ, "ನಂದು. ಮೊದಲು ಕಂಡುಹಿಡಿದವಳು ನಾನೇ" ಎಂದರು.

ತೀರ್ಪು ಅವರ ಕಡೆಗೇ ಆಯಿತು. ಪರಿಹಾರದ ಜೊತೆಗೆ ಅಂಗಡಿಯ ಗೋದಾಮಿಗೆ ಬೀಗಮುದ್ರೆ ಬಿತ್ತು. ಅಲ್ಲಿ ಅಂಥವೇ ನೂರಾರು ಹಾಸಿಗೆಗಳನ್ನು ಸೂರಿನವರೆಗೆ ಪೇರಿಸಿದ್ದರಂತೆ. ಎಷ್ಟು ಮನೆಗಳಲ್ಲಿ ಎಷ್ಟು ಜನ ಅವುಗಳ ಮೇಲೆ ಮಲಗಿ ಬೈಸಿಕೊಳ್ಳುತ್ತಿದ್ದಾರೋ ಎಂದು ಗುಮಾಸ್ತೆ ಹೇಳಿದಾಗ ಸೊಸೆಗೆ ಗೆದ್ದ ಸಂತೋಷ ಉಳಿಯಲಿಲ್ಲ. ಮನೆಗೆ ಮರಳುವಾಗ ಗಾಲಿಕುರ್ಚಿಯನ್ನು ಗಂಡ ತಳ್ಳಿದ. ಅವಳು ಪಕ್ಕದಲ್ಲಿ ನಡೆದಳು. ಅತ್ತೆ ದಾರಿಯುದ್ದಕ್ಕೂ ಅಧ್ಯಕ್ಷೆ ಹೇಗೆ ಮೂಗು ಮುಚ್ಚಿಕೊಂಡಳೆಂದು ಮಗನಿಗೆ ಮತ್ತೆಮತ್ತೆ ಮಾಡಿ ತೋರಿಸುತ್ತಿದ್ದರು.