ಹಾರಬಾರದ ರಾಜ

ಅಮ್ಮತ್ತಿಯ ಚೆಸ್ ಪಂದ್ಯದ ಕೊನೆಯ ಸುತ್ತು. ಗೆದ್ದವನಿಗೆ ಮಡಿಕೇರಿಗೆ ಹೋಗುವ ತಂಡದಲ್ಲಿ ಜಾಗ. ವರ್ಷ ವರ್ಷವೂ ಅದು ನನ್ನ ಕೈಗೆ ಬಂದು ಜಾರುತ್ತಿತ್ತು. ಈ ಸಲ ಎದುರಿಗೆ ಕೂತವರು ಜಗಲಿಯಲ್ಲಿ ಆಡಿಯೇ ಆಟ ಕಲಿತ ಉತ್ತಯ್ಯಣ್ಣ.

ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದೆ.

“ಏನು ಅವಸರ ಜಯಪ್ಪ? ಅದು ಕಾಲಾಳು, ಜೀಪಲ್ಲ.”

ಅವರದು ಒಂದೇ ಮನೆ. ಆಮೇಲೆ ನಡೆಗೊಂದು ಮಾತು: ಮೆಣಸಿನ ಬಳ್ಳಿ, ಆನೆ ಮುರಿದ ಬೇಲಿ, ನನ್ನ ಅಂಗಿಯ ಗುಂಡಿ. ಗಡಿಯಾರ ಒತ್ತಲೂ ನಾನೇ ನೆನಪಿಸಬೇಕು.

ಅಂತೂ ಅವರ ರಾಜನನ್ನು ಮೂಲೆಗೆ ತಳ್ಳಿ, ಪಕ್ಕದಲ್ಲೇ ನನ್ನ ಒಂಟೆಯನ್ನು ನಿಲ್ಲಿಸಿದೆ. ಕೊನೆಗೆ ರಾಣಿಯನ್ನು ಸರಿಸಿದೆ. ಇನ್ನೊಂದೇ ನಡೆ, ಆಟ ಮುಗಿದಂತೆ.

ಉತ್ತಯ್ಯಣ್ಣ ರಾಜನನ್ನು ಎತ್ತಿ, ಕುದುರೆಯ ಹಾಗೆ ಹಾರಿಸಿ ಕೂರಿಸಿದರು.

“ಅಣ್ಣ, ಹಾಗೆ ಆಗಲ್ಲ!”

“ಯಾಕಾಗಲ್ಲ? ರಾಜನಿಗೆ ಒಂದು ಸಲ ಕುದುರೆ ಹಾರಾಟ ಉಂಟು. ನಿನ್ನ ಅಪ್ಪನೂ ಹೀಗೇ ಆಡ್ತಿದ್ದ.”

ನಮ್ಮ ಜಗಲಿಗಳಲ್ಲಿ ಉಂಟು, ನಿಜ. ಇಲ್ಲಿ ಇಲ್ಲವೆಂದು ಬೆಳಿಗ್ಗೆಯೇ ಮೈಕಿನಲ್ಲಿ ಹೇಳಿದ್ದರು. ಆಗ ಇವರು ಹೊರಗೆ ಯಾರದೋ ಜೀಪಿನ ಟೈರು ನೋಡುತ್ತಿದ್ದರು.

ಗಲಾಟೆ ಕೇಳಿ ತೀರ್ಪುಗಾರ್ತಿ ಅಮೃತಾ ಬಂದಳು. “ಹಾರೋ ಹಾಗಿಲ್ಲ ಅಂಕಲ್, ವಾಪಸ್ ಇಡಿ.”

ಇಟ್ಟು, ಬೇರೆ ಕಾಯಿಗೆ ಕೈ ಹಾಕಿದರು. ಅದನ್ನು ಎಲ್ಲಿಗೆ ನಡೆಸಿದರೂ ಅವರಿಗೆ ಸೋಲೇ. ನಾನು ಸುಮ್ಮನಿರಬೇಕಿತ್ತು. ಆದರೆ ತಲೆ ಕೆಟ್ಟುಹೋಗಿತ್ತು.

“ರಾಜನನ್ನು ಮುಟ್ಟಿದ್ದಾರೆ, ರಾಜನನ್ನೇ ನಡೆಸಲಿ! ರೂಲ್ ಅಂದ್ರೆ ರೂಲ್!”

ಅಮೃತಾ ಹೌದೆಂದಳು.

“ಎಲ್ಲಿಗೆ ನಡೆಸೋದು ಮಾರಾಯ, ಜಾಗ ಎಲ್ಲಿದೆ?” ಎಂದು ಗೊಣಗುತ್ತ ಅವರು ಒಂದೊಂದೇ ಮನೆಗೆ ಬೆರಳಿಟ್ಟರು. ಬೆರಳು ನನ್ನ ಒಂಟೆಯ ಬಳಿ ನಿಂತಿತು. “ಇದಕ್ಕೆ ಕಾವಲು ಯಾರು?”

ನಾನೂ ನೋಡಿದೆ. ಕಾವಲಿಗಿದ್ದದ್ದು ರಾಣಿ. ಅವಳನ್ನು ಈಗಷ್ಟೇ ಸರಿಸಿದ್ದೆ.

ರಾಜ ಒಂಟೆಯನ್ನು ತಿಂದ. ನಾನು ಹೆಣೆದ ಬಲೆಯೆಲ್ಲ ಹರಿಯಿತು. ಊಟದ ಹೊತ್ತಿಗೆ ಸೋಲೊಪ್ಪಿ ಕೈ ಕುಲುಕಿದೆ.

“ನಾನು ಓಡಿಹೋಗ್ತಿದ್ದೆ, ನೀನೇ ಹಿಡಿದು ನಿಲ್ಲಿಸಿದೆ,” ಎಂದರು. ನಗಲಿಲ್ಲ, ಪಾಪ. “ಮಡಿಕೇರಿಗೆ ನೀನೂ ಬಾ ಜಯಪ್ಪ. ಈ ರೂಲೆಲ್ಲ ನನಗೆ ಹೇಳೋರು ಯಾರು?”

“ನಾನು ಬರಲ್ಲ.”

“ನನ್ನ ಜೀಪು ಬೆಳಿಗ್ಗೆ ಏಳಕ್ಕೆ ಹೊರಡ್ತದೆ.”

“ಆರಕ್ಕೇ ಹೊರಡಿಸಿ,” ಎಂದೆ. “ದಾರೀಲಿ ಕಂಡಕಂಡವರ ಹತ್ತಿರ ನಿಲ್ಲಿಸಿ ಮಾತಾಡ್ತೀರಿ.”