ವಿಲಾಯತಿ ಕೋಠಿಯಲ್ಲಿ ಆದಮ್ಮ ಮಲಗಿದ್ದು

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಬಸ್ಸು ಓಡಿಸುತ್ತಲೇ ಯಮನೂರಪ್ಪನ ನೌಕರಿ ಮುಗಿದಿತ್ತು. ಲಿಂಗಸುಗೂರಿನ ಹೊರಗಿದ್ದ ವಿಲಾಯತಿ ಕೋಠಿಯನ್ನು ಅವನು ದಿನಾ ದೂರದಿಂದ ನೋಡಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ನಿಜಾಮರ ಕಾಲದಲ್ಲಿ ಸಮುದ್ರದಾಚೆಯ ಕಂಪನಿಯೊಂದು ಈ ಸೀಮೆಯ ಹತ್ತಿ ಕೊಳ್ಳಲು ಕಟ್ಟಿಸಿದ ಕಟ್ಟಡ ಅದು. ಜಾಲಿಗಿಡ ಬೆಳೆದು ಹಾಳುಬಿದ್ದಿದ್ದನ್ನು ಈಚೆಗೆ ರಿಪೇರಿ ಮಾಡಿ, ಗಚ್ಚು ಬಳಿದು, ಜನ ನೋಡಲೆಂದು ಬಾಗಿಲು ತೆರೆದಿದ್ದರು.

“ನಡಿ, ನೋಡಿಕೊಂಡು ಬರೋಣು,” ಎಂದ ಹೆಂಡತಿಗೆ.

“ಆ ಕೋಠ್ಯಾಗ ಏನೈತ್ರಿ?” ಎಂದಳು ಆದಮ್ಮ. ಆದರೂ ರೊಟ್ಟಿ ಕಟ್ಟಿಕೊಂಡು ಹೊರಟಳು.

ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಅತ್ತೆಯನ್ನು, ಯಮನೂರಪ್ಪನ ತಾಯಿಯನ್ನು, ವರ್ಷಗಟ್ಟಲೆ ನೋಡಿಕೊಂಡವಳು ಅವಳೇ. ಮುದುಕಿ “ಆದೀ” ಎಂದು ಎಷ್ಟು ಸಣ್ಣಗೆ ಕರೆದರೂ ಅವಳು ಎದ್ದು ಕೂರುತ್ತಿದ್ದಳು. ಮುದುಕಿ ತೀರಿಕೊಂಡು ಆಗಲೇ ಒಂದು ಮಳೆಗಾಲ ಕಳೆದಿತ್ತು. ಕರೆಯುವವರು ಹೋದರೂ ಆದಮ್ಮನ ಎಚ್ಚರ ಹೋಗಲಿಲ್ಲ. ಗುಳಿಗೆ ನುಂಗಿದರೂ ಕಣ್ಣು ಹತ್ತುತ್ತಿರಲಿಲ್ಲ.

ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲಿ ತಗ್ಗು ಬಂದಾಗಲೆಲ್ಲ ಯಮನೂರಪ್ಪನ ಬಲಗಾಲು ತಾನಾಗಿ ಕೆಳಗೊತ್ತುತ್ತಿತ್ತು.

“ಕಾಲು ಸುಮ್ಮನ ಇಡ್ರಿ. ಬ್ರೇಕು ಡ್ರೈವರನ ಕಡೆ ಐತಿ,” ಎಂದು ಆದಮ್ಮ ನಕ್ಕಳು.

ಕೋಠಿ ತೋರಿಸುವ ಕೆಲಸದಲ್ಲಿದ್ದ ವಸೀಮಾ ಎಂಬ ಹುಡುಗಿ ಅವರನ್ನು ದೊಡ್ಡ ಹಾಲಿಗೆ ಕರೆದೊಯ್ದಳು. ತೊಲೆಯಿಂದ ಉದ್ದನೆಯ ಬಟ್ಟೆಯ ಪಂಖಾ ಒಂದು ದೊಡ್ಡ ಕುರ್ಚಿಯ ಮೇಲ್ಗಡೆ ಇಳಿಬಿದ್ದಿತ್ತು. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗಿನ ಪಡಸಾಲೆಗೆ ಹೋಗಿತ್ತು. ದೊರೆ ಒಳಗೆ ಕೂತರೆ ಆಳು ಹೊರಗೆ ಕೂತು ಎಳೆಯಬೇಕು.

“ಕುರ್ಚಿ ಹೊಸಾದು ರೀ, ಹಳೇದರಂಗ ಮಾಡ್ಯಾರ. ಕುಂತು ನೋಡ್ರಿ,” ಎಂದಳು ವಸೀಮಾ.

“ಕುಂಡ್ರು. ನಾ ಹಗ್ಗ ಎಳೀತೀನಿ,” ಎಂದ ಯಮನೂರಪ್ಪ.

“ಹುಚ್ಚ ಏನ್ರಿ ನಿಮಗ? ಮಂದಿ ನೋಡತಾರ.”

“ನೋಡ್ಲಿ ಬಿಡು.”

ಅವನು ಪಡಸಾಲೆಗೆ ಹೋಗಿ ಎಳೆಯತೊಡಗಿದ. “ಗಾಳಿ ಬಂತೇನ?” ಎಂದು ಕೂಗಿದ. “ಬಂತ್ರಿ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರೆ ಉತ್ತರವಿಲ್ಲ. ಹಗ್ಗ ಬಿಡದೆ ಕಿಟಕಿಯಲ್ಲಿ ಬಗ್ಗಿ ನೋಡಿದ. ಆದಮ್ಮನ ತಲೆ ಒಂದು ಕಡೆ ವಾಲಿತ್ತು, ಬಾಯಿ ತುಸು ತೆರೆದಿತ್ತು.

ವಸೀಮಾ ಗಾಬರಿಯಾದಳು. “ಕಾಕಾ, ಅಮ್ಮಾರಿಗೆ ಆರಾಮ ಇಲ್ಲೇನ್ರಿ?”

“ಈಗ ಆರಾಮ ಆಗ್ಯಾಳವ್ವ. ಮಲಗ್ಯಾಳ,” ಎಂದ. ತನ್ನವ್ವನ ವಿಷಯ, ಹೆಂಡತಿಯ ನಿದ್ದೆಯ ವಿಷಯ ಎಲ್ಲ ಪಿಸುಮಾತಿನಲ್ಲೇ ಹೇಳಿದ. ಹುಡುಗಿ ಸದ್ದಿಲ್ಲದೆ ಹಾಲಿನ ಬಾಗಿಲು ಮುಂದೆ ಮಾಡಿದಳು.

ಅಷ್ಟರಲ್ಲಿ ಭತ್ತದ ನಾಟಿ ಮುಗಿಸಿದ ಬಳಗಾನೂರಿನ ಹೆಣ್ಣುಮಕ್ಕಳು ಕೋಠಿ ನೋಡಲು ಟೆಂಪೋದಲ್ಲಿ ಗದ್ದಲ ಮಾಡುತ್ತ ಬಂದಿಳಿದರು. ವಸೀಮಾ ತುಟಿಯ ಮೇಲೆ ಬೆರಳಿಟ್ಟು ಅವರನ್ನು ಮೊದಲು ಹತ್ತಿ ಗೋದಾಮಿಗೆ ಕರೆದೊಯ್ದಳು. ಅವರು ನೋಡಿ ಬಂದರೂ ಆದಮ್ಮ ಎದ್ದಿರಲಿಲ್ಲ. ಯಮನೂರಪ್ಪನ ತೋಳು ಬಿದ್ದುಹೋದಂತಾಗಿತ್ತು.

ಅವರಲ್ಲೊಬ್ಬಳು, ಶಿವಕುಮಾರಿ, ಹತ್ತಿರ ಬಂದಳು. “ಭಾಳ ದಣಿದಿಯಲ್ಲೋ ಯಣ್ಣಾ. ಇತ್ತ ಕೊಡು, ನೀ ಹೋಗಿ ಆಕಿ ಬಾಜೂಕ ಕುಂಡ್ರು.”

ಅವಳು ಎಳೆದಳು. ಅವಳ ಕೈ ಸೋತಾಗ ಇನ್ನೊಬ್ಬಳು ಹಿಡಿದಳು. ಉಳಿದವರು ಪಡಸಾಲೆಯಲ್ಲಿ ಸುಮ್ಮನೆ ಕೂತರು.

ಬಿಸಿಲು ಬಾಗಿದ ಮೇಲೆ ಆದಮ್ಮ ಕಣ್ಣು ಬಿಟ್ಟಳು. ಗಂಡನ ಮುಖ ನೋಡಿದಳು.

“ಯಾರೂ ಕರೀಲಿಲ್ಲೇನ್ರಿ ನನ್ನ?”

“ಇಲ್ಲ, ಯಾರೂ ಕರೀಲಿಲ್ಲ.”

ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಆಮೇಲೆ, ಸುದ್ದಿ ಈಗಷ್ಟೇ ಕಿವಿಗೆ ಬಿದ್ದವಳಂತೆ, “ಅತ್ತಿ ಹೋಗೇಬಿಟ್ರಲ್ರೀ,” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುದುಕಿಯನ್ನು ಮಣ್ಣು ಮಾಡಿದ ದಿನವೂ ಬಂದವರಿಗೆ ಚಹಾ ಕೊಡುತ್ತ ಓಡಾಡಿದವಳು ಅತ್ತಿರಲಿಲ್ಲ. ಯಮನೂರಪ್ಪ ಅವಳ ಕೈ ಹಿಡಿದುಕೊಂಡು ಕೂತ.

ಅಳು ನಿಂತ ಮೇಲೆ ಅವಳ ಕಣ್ಣು ಮೇಲೆ ತೂಗುತ್ತಿದ್ದ ಪಂಖಾದತ್ತ ಹೋಯಿತು. “ನೀವಿಲ್ಲಿ ಅದೀರಿ. ಮತ್ತ ಇದನ್ನ ಯಾರು ಎಳ್ಯಾಕತ್ತಾರ?”

ಹೊರಗೆ ನಗು ಸಿಡಿಯಿತು. ಆದಮ್ಮ ನಾಚಿ ಎದ್ದು ಬಂದು ಎಲ್ಲರನ್ನೂ ಬೈದಳು, ಬೈಯುತ್ತಲೇ ರೊಟ್ಟಿ ಬಿಚ್ಚಿದಳು. ಬೇವಿನ ಮರದಡಿ ಎಲ್ಲರ ಬುತ್ತಿಯೂ ಒಂದಾಯಿತು. ವಸೀಮಾಳನ್ನೂ ಎಳೆದು ಕೂರಿಸಿದರು. ಊಟ ಮುಗಿಯುವಷ್ಟರಲ್ಲಿ ಸಿಂಧನೂರಿನ ಬಸ್ಸು ಹೊರಟುಹೋಗಿತ್ತು.

“ಬಳಗಾನೂರ ತನಕ ನಮ್ಮ ಜೋಡಿ ಬರ್ರಿ,” ಎಂದಳು ಶಿವಕುಮಾರಿ.

ಟೆಂಪೋದಲ್ಲಿ ಆದಮ್ಮ ಹೆಂಗಸರ ನಡುವೆ ಕೂತು ಅತ್ತೆಯ ಸುದ್ದಿ ತೆಗೆದಳು. ಡಾಕ್ಟರು ಬಂದರೆ ಮುದುಕಿ ನಿದ್ದೆ ಬಂದವಳಂತೆ ನಟಿಸುತ್ತಿದ್ದುದು, ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಿದ್ದುದು. ಹೆಂಗಸರು ಬಿದ್ದುಬಿದ್ದು ನಕ್ಕರು.

ಮುಂದೆ ಕೂತಿದ್ದ ಯಮನೂರಪ್ಪ ಹಿಂತಿರುಗಿದ. “ನಮ್ಮವ್ವಗ ತೆಲುಗು ಬರ್ತಿತ್ತೇನ?”

“ಬರೇ ಬೈಗಳ ಅಷ್ಟ ಬರ್ತಿತ್ತರಿ,” ಎಂದಳು ಆದಮ್ಮ. “ತಡ್ರಿ, ಒಂದೊಂದ ಹೇಳ್ತೀನಿ.”