ಎತ್ತಿದ ಕಾಲು

"ಸಾರ್, ಸ್ವಲ್ಪ ಆ ಕಡೆ ಸರ್ಕೊಳ್ಳಿ. ಸಾರ್ ಕಾಣ್ತಿಲ್ಲ."

ಕರಾಟೆ ಮೇಷ್ಟ್ರು ಸಂಕರ್ಷಣ ಸರಿದುಕೊಂಡ. ಅವನ ಹಿಂದೆ, ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಮೇಲೆ, ಪ್ರೊಜೆಕ್ಟರಿನ ಬೆಳಕಿನಲ್ಲಿ, ಇನ್ನೊಬ್ಬ ಸಂಕರ್ಷಣ ಮುಷ್ಟಿ ಬಿಗಿದು ನಿಂತಿದ್ದ. ಯಲ್ದೂರಿನ ಚಂದ್ರಕಲಾ ಮತ್ತು ಉಳಿದ ಹತ್ತೊಂಬತ್ತು ವಿದ್ಯಾರ್ಥಿಗಳು ಪಂಚೆಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು.

ಕರಾಟೆಯನ್ನೂ ಕಂಪ್ಯೂಟರಿನಲ್ಲೇ ಕಲಿಸಬೇಕೆಂದು ವಿಶ್ವವಿದ್ಯಾಲಯದಿಂದ ಕೋಲಾರದ ಈ ಕಾಲೇಜಿಗೆ ಸುತ್ತೋಲೆ ಬಂದದ್ದು ಹೋದ ಬೇಸಿಗೆಯಲ್ಲಿ. ಕಂಪ್ಯೂಟರ್ ವಿಭಾಗದ ಮೃದುಲಾ ಮೂರು ದಿನ ಅವನನ್ನು ಕುಣಿಸಿ ಚಿತ್ರ ತೆಗೆದಳು. ಮುಳಬಾಗಿಲಿನ ಪುರೋಹಿತರ ಮನೆಯಲ್ಲಿ ಹುಟ್ಟಿ, ಅಪ್ಪನ ಬೈಗುಳ ತಿಂದು, ಇಪ್ಪತ್ತು ವರ್ಷ ಒದ್ದು ಕಲಿತದ್ದೆಲ್ಲ ಒಂದು ಸೀಡಿಯಲ್ಲಿ ಹಿಡಿಯಿತು. ಇನ್ನೂ ಅರ್ಧ ಖಾಲಿ ಇದೆ ಎಂದಳು.

ಮಂಡಿನೋವಿನಿಂದ ಅವನ ಒದೆ ಸೊಂಟದ ಮೇಲಕ್ಕೆ ಹೋಗುತ್ತಿರಲಿಲ್ಲ. ಅದನ್ನೂ ಅವಳೇ ಚಿತ್ರದಲ್ಲಿ ಸರಿಮಾಡಿದಳು.

"ಕಾಲನ್ನ ಮೌಸಲ್ಲಿ ಎಳೆದು ಸ್ವಲ್ಪ ಮೇಲಕ್ಕಿಟ್ಟಿದ್ದೀನಿ ಸಾರ್. ಬೇಜಾರಿಲ್ಲ ತಾನೇ?"

"ಇಲ್ಲ."

ಇವತ್ತು ಬೆಳಿಗ್ಗೆ ಪ್ರಿನ್ಸಿಪಾಲ್ ಗಂಗುಲಪ್ಪನವರನ್ನು ಕೇಳಿದ್ದ.

"ಮುಂದಿನ ವರ್ಷಕ್ಕೆ ನನ್ನ ನೇಮಕದ ಆರ್ಡರ್, ಸಾರ್?"

"ಸೀಡಿ ಚೆನ್ನಾಗಿ ಬಂದಿದೆಯಂತೆ."

"ಅಲ್ಲ, ಆರ್ಡರ್..."

"ಬಂದು ನೋಡ್ತೀನಿ ಬಿಡಯ್ಯ. ಸೀಡೀನ."

ಕಿಟಕಿಗಳನ್ನೆಲ್ಲ ಮುಚ್ಚಿದ ಹಾಲಿನಲ್ಲಿ ಪಂಚೆಯ ಮೇಲಿನ ಸಂಕರ್ಷಣ ಬಲಗಾಲೆತ್ತಿದ. ತಲೆಗಿಂತ ಎತ್ತರ. ಇಪ್ಪತ್ತು ಕಾಲುಗಳು ಎದ್ದವು. ಅಷ್ಟರಲ್ಲಿ ಕಂಪ್ಯೂಟರ್ ಹ್ಯಾಂಗ್ ಆಯಿತು. ಪಂಚೆಯ ಮೇಲಿನ ಕಾಲು ಎತ್ತಿದಲ್ಲೇ ನಿಂತುಬಿಟ್ಟಿತು.

ಮೂಲೆಯಲ್ಲಿ ಕೂತಿದ್ದ ಮೃದುಲಾ ಕೀಬೋರ್ಡ್ ಕುಟ್ಟತೊಡಗಿದಳು.

"ಕಾಲು ಇಳಿಸಿ," ಎಂದ ಸಂಕರ್ಷಣ.

ಯಾರೂ ಇಳಿಸಲಿಲ್ಲ.

"ಸಾರ್ ಇನ್ನೂ ಇಳಿಸಿಲ್ಲ ಸಾರ್," ಎಂದಳು ಚಂದ್ರಕಲಾ, ಒಂಟಿಕಾಲಲ್ಲಿ ತೂಗಾಡುತ್ತ.

"ಅಲ್ಲಿರೋನು ನಾನೇ ಕಣಮ್ಮ."

"ಗೊತ್ತು ಸಾರ್. ಆದ್ರೆ ಇಂಟರ್ನಲ್ ಮಾರ್ಕ್ಸು ಅಲ್ಲಿರೋ ಹಂಗೆ ಮಾಡಿದ್ರೇನೇ ಅಲ್ವಾ?"

ಹೌದು. ನಿಯಮ ಬರೆದದ್ದೂ ಅವನೇ.

ಅಷ್ಟು ಜನ ಒಂಟಿಕಾಲಲ್ಲಿ ನಿಂತಿರುವಾಗ ತಾನೊಬ್ಬ ಎರಡು ಕಾಲೂರಿ ನಿಂತಿರುವುದು ಅವನಿಗೆ ಬಟ್ಟೆ ಬಿಚ್ಚಿ ನಿಂತ ಹಾಗನ್ನಿಸಿತು. ಸದ್ದಿಲ್ಲದೆ ಕೊನೆಯ ಸಾಲಿಗೆ ಹೋಗಿ, ಒಬ್ಬ ಹುಡುಗನ ಪಕ್ಕ ನಿಂತು, ಕಾಲೆತ್ತಿದ. ಸೊಂಟದವರೆಗೆ ಬಂತು.

ಬಾಗಿಲು ಕಿರುಗುಟ್ಟಿತು. ಗಂಗುಲಪ್ಪನವರು ಬಿಸಿಲಿನಿಂದ ಕತ್ತಲೆಯೊಳಗೆ ಕಣ್ಣು ಕಿರಿದು ಮಾಡಿ ನೋಡಿದರು. ಪಂಚೆಯನ್ನು ಕಂಡು ತಲೆದೂಗಿದರು. ಆಮೇಲೆ ಹಿಂದಕ್ಕೆ ಬೆರಳು ತೋರಿಸಿ ಗದರಿದರು.

"ಏನ್ಲಾ, ಕೊನೇ ಸಾಲು! ಇನ್ನೂ ಎತ್ತು! ಸಾರ್ ಹೆಂಗೆ ಎತ್ತವ್ರೆ, ನೋಡು!"

"ನೋಡ್ತಿದೀನಿ ಸಾರ್," ಎಂದ ಸಂಕರ್ಷಣ.

ಎತ್ತಿದ. ಮಂಡಿಯೊಳಗೆ ಏನೋ ಲಟಕ್ಕೆಂದಿತು. ಪಂಚೆಯ ಮೇಲೆ, ಒಂದು ಹನಿ ಬೆವರಿಲ್ಲದ ಆ ಮನುಷ್ಯನ ಎದೆಯ ನಡುವೆ, ಕಾಯಿರಿ ಎನ್ನುವ ಕಂಪ್ಯೂಟರಿನ ಬೆರಳಷ್ಟುದ್ದದ ಮರಳುಗಡಿಯಾರವೊಂದು ತಲೆಕೆಳಗಾಗುತ್ತಿತ್ತು, ನೆಟ್ಟಗಾಗುತ್ತಿತ್ತು, ಮತ್ತೆ ತಲೆಕೆಳಗಾಗುತ್ತಿತ್ತು.